ಬೂಬನ ಬಾಯಿಪರೀಕ್ಷೆ

ಸರಕಾರ ಅದಕ್ಕೆ ‘ಫೇಸ್‌ಲೆಸ್ ಸೇವೆ’ ಎಂದು ಹೆಸರಿಟ್ಟಿದೆ. ಕೇಳುವುದು ಮಾತ್ರ ಮೊದಲು ಮುಖವನ್ನೇ. ಲ್ಯಾಪ್‌ಟಾಪಿನ ನೆತ್ತಿಯ ಮೇಲಿರುವ ಸಣ್ಣ ಕಣ್ಣಿನೆದುರು ನೆಟ್ಟಗೆ ಕೂತು, ಎರಡು ಸಲ ರೆಪ್ಪೆ ಬಡಿದು, ಆಧಾರ್ ಕಾರ್ಡಿನ ಫೋಟೋದಲ್ಲಿರುವ ಆ ದುಃಖಿತ ಮನುಷ್ಯ ತಾನೇ ಎಂದು ಒಪ್ಪಿಸಿದರೆ ಹದಿನೈದು ಪ್ರಶ್ನೆಗಳು ಒಂದರ ಹಿಂದೊಂದು ಬರುತ್ತವೆ. ಒಂಬತ್ತು ಸರಿಯಾದರೆ ಕೂತಲ್ಲಿಗೇ ಲರ್ನರ್ಸ್ ಲೈಸೆನ್ಸ್. ಆರ್‌ಟಿಒ ಕಚೇರಿಯ ಸಾಲು ಇಲ್ಲ, ಸಾಹೇಬರ ಸಿಡುಕು ಇಲ್ಲ. ಪರೀಕ್ಷೆ ಆನ್‌ಲೈನ್ ಆಯಿತು, ಓದು ಆಫ್ ಆಯಿತು ಎಂದು ಲತೇಶ ನಗುತ್ತಿದ್ದ.

ಲತೇಶ ಡೊಂಬಿವಲಿಯಲ್ಲೇ ಹುಟ್ಟಿದ ತುಳುವ, ಬಿ.ಎ. ಮುಗಿಸಿದವನು, ಕಾಲೇಜಿನ ಗ್ಯಾದರಿಂಗಿನಲ್ಲಿ ಪ್ರಿನ್ಸಿಪಾಲರ ಕೆಮ್ಮನ್ನು ಅವರೆದುರೇ ಕೆಮ್ಮಿ ತೋರಿಸಿ ಬಹುಮಾನ ಹೊಡೆದವನು. ಲೋಕಲ್ ಟ್ರೇನಿನಲ್ಲಿ ಮುಂದಿನ ಸ್ಟೇಷನ್ ಸಾರುವ ಹೆಂಗಸಿನ ದನಿಯಲ್ಲಿ ‘ಪುಢೀಲ ಸ್ಟೇಷನ್’ ಎಂದು ಅವನು ಹೇಳಿದರೆ ಪಕ್ಕದವರು ಎದ್ದು ಬ್ಯಾಗು ಹುಡುಕುತ್ತಿದ್ದರು. ಸದ್ಯಕ್ಕೆ ಜಯಶೀಲ ಮೋಟಾರ್ ಟ್ರೇನಿಂಗ್ ಸ್ಕೂಲಿನ ಒಳಕೋಣೆಯಲ್ಲಿ ಲೈಸೆನ್ಸಿನ ಅರ್ಜಿ ತುಂಬುವ ಕೆಲಸ ಅವನದು. ಅಲ್ಲಿಗೆ ಬರುವವರಲ್ಲಿ ಅರ್ಧದಷ್ಟು ಜನ ಕರಾವಳಿಯಿಂದ ಬಂದ ಹೋಟೆಲಿನವರು. ಪ್ರಶ್ನೆಗಳು ಮರಾಠಿಯಲ್ಲಿ, ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ. ಗಿರಾಕಿಗೆ ಓದಲು ಬರುವುದು ಕನ್ನಡ ಒಂದೇ. ಹಾಗಾಗಿ ಸ್ಕೂಲಿನಲ್ಲೊಂದು ಪದ್ಧತಿ ಬೆಳೆದಿತ್ತು. ಮುಖ ಗಿರಾಕಿಯದು, ಬೆರಳು ಲತೇಶನದು. ಅವನು ಮೇಜಿನ ಪಕ್ಕ ತಗ್ಗು ಸ್ಟೂಲಿನಲ್ಲಿ, ಕ್ಯಾಮೆರಾಕ್ಕೆ ಸಿಗದ ಹಾಗೆ, ತಂತಿಯಿಲ್ಲದ ಮೌಸ್ ಹಿಡಿದು ಕೂರುತ್ತಿದ್ದ.

“ಕಲ್ಲಿನ ಮೇಲೆ ದೋಸೆ ಹೊಯ್ದಿದ್ದೀರಿ ಅಂತ ಗ್ರಹಿಸಿ. ಅದನ್ನೇ ನೋಡ್ತಾ ಕೂತ್ಕೊಳ್ಳಿ. ಬಾಯಿ ಬಿಟ್ರೆ ದೋಸೆ ಕರಟಿತು,” ಎನ್ನುತ್ತಿದ್ದ.

ಎಲ್ಲವನ್ನೂ ಸರಿ ಒತ್ತಿದರೆ ಸಂಶಯ ಬಂದೀತೆಂದು ಅಡುಗೆಯವರಿಗೆ ಹತ್ತು, ಕ್ಯಾಶಿಯರುಗಳಿಗೆ ಹನ್ನೆರಡು, ಮಾಲೀಕರ ಮಕ್ಕಳಿಗೆ ಹದಿಮೂರು ಎಂದು ಅಂಕ ಹಂಚುತ್ತಿದ್ದ. ಪರೀಕ್ಷೆಗೆ ಮೊದಲು ಆರೋಗ್ಯದ ಸ್ವಯಂಘೋಷಣೆ ಎಂಬ ಒಂದು ಪುಟ ಬರುತ್ತದೆ. ನಿಮಗೆ ಮೂರ್ಛೆ ಬರುತ್ತದೆಯೇ, ಕಣ್ಣು ಸರಿಯಿದೆಯೇ, ಕೈಕಾಲು ಸ್ವಾಧೀನದಲ್ಲಿದೆಯೇ. ಆ ಪುಟವನ್ನು ಅವನು ಯಾರಿಗೂ ಓದಿ ಹೇಳಿದ್ದಿಲ್ಲ. ಫಾಸ್ಟ್ ಲೋಕಲ್ ಸಣ್ಣ ಸ್ಟೇಷನ್ನುಗಳನ್ನು ದಾಟುವಂತೆ ಟಕ್ ಟಕ್ ಟಕ್ ಎಂದು ದಾಟಿಬಿಡುತ್ತಿದ್ದ.

ಬೂಬ ಬಂದದ್ದೂ ಹಾಗೆಯೇ ಒಂದು ಮಧ್ಯಾಹ್ನ, ಕೈಗೆ ತೆಂಗಿನಕಾಯಿಯ ವಾಸನೆ ಹತ್ತಿಸಿಕೊಂಡು. ಕಲ್ಯಾಣದ ಪುಂಡರೀಕಾಕ್ಷ ರಾಯರ ಹೋಟೆಲಿನಲ್ಲಿ ಎರಡು ವರ್ಷದಿಂದ ಅಡುಗೆಮನೆಯಲ್ಲಿದ್ದ. ಅಲ್ಲಿ ಒಲೆಯ ಸುತ್ತ ನಡೆಯುವ ಮಾತೆಲ್ಲ ತುಳು. ಅವನ ಹಿಂದಿ ತರಕಾರಿಯ ಹೆಸರು ದಾಟಿ ಹೋಗಿರಲಿಲ್ಲ. ಪರೀಕ್ಷೆ ಅರ್ಧಕ್ಕೆ ಬಂದಾಗ ಅವನು ತುಟಿ ಅಲುಗಿಸಿದ.

“ಲತೇಶಣ್ಣ, ಒಂದು ವಿಷಯ ಇತ್ತು. ನನಗೆ ಒಂದೊಂದು ಸಲ—”

“ದೋಸೆ ಕರಟುತ್ತೆ ಬೂಬಣ್ಣ,” ಎಂದ ಲತೇಶ, ಮೇಜಿನ ಕೆಳಗಿನಿಂದ.

ಬೂಬ ಬಾಯಿ ಮುಚ್ಚಿದ. ಹತ್ತಕ್ಕೆ ಪಾಸಾದ. ಹೊರಗೆ ಮತ್ತೆ ಮೂವರು ಕಾಯುತ್ತಿದ್ದರು. ಆ ಒಂದು ವಿಷಯ ಏನೆಂದು ಲತೇಶ ಕೇಳಲಿಲ್ಲ.

*

ಆ ವಿಷಯ ಹೋಟೆಲಿನವರಿಗೆಲ್ಲ ಗೊತ್ತಿತ್ತು. ಬೂಬ ಎರಡು ಸಲ ರುಬ್ಬುವ ಯಂತ್ರದ ಪಕ್ಕ ಬಿದ್ದು ಕೈಕಾಲು ಸೆಟೆದಿದ್ದ. ಒಂದು ಸಲ ಸಾಂಬಾರಿನ ಹಂಡೆ ಒಂದು ಗೇಣು ದೂರದಲ್ಲಿ ಕುದಿಯುತ್ತಿತ್ತು. ಪುಂಡರೀಕಾಕ್ಷ ರಾಯರು ಕರುಣೆಯ ಮನುಷ್ಯರು. ಇವನನ್ನು ಕೆಲಸದಿಂದ ತೆಗೆಯುವುದು ಬೇಡ, ಬೆಂಕಿಯ ಹತ್ತಿರ ಮಾತ್ರ ಬೇಡ ಎಂದು ಯೋಚಿಸಿದರು. ಬೆಳಗಿನ ಇಡ್ಲಿ-ಸಾಂಬಾರನ್ನು ಶಹಾಡಿನ ಕಾರ್ಖಾನೆಯೊಂದಕ್ಕೆ ಮುಟ್ಟಿಸುವ ಸ್ಕೂಟರಿನ ಕೆಲಸ ಕೊಟ್ಟರು. ಒಲೆಯಿಂದ ಉಳಿಸಿ ರಸ್ತೆಗೆ ಹಾಕಿದರು. ಅದು ಉಪಕಾರ ಎಂದು ರಾಯರಿಗೂ ಅನ್ನಿಸಿತ್ತು, ಬೂಬನಿಗೂ, ಅದೇ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಅವನ ಹೆಂಡತಿ ಅಕ್ಕುವಿಗೂ. ಲೈಸೆನ್ಸಿಗೆ ಕಳಿಸಿದವರೂ ರಾಯರೇ. ಎಲ್ಲವೂ ಕಾನೂನಿನ ಪ್ರಕಾರ ಇರಲಿ ಎಂದು.

ಲೈಸೆನ್ಸ್ ಬಂದು ಹತ್ತೊಂಬತ್ತನೆಯ ದಿನ, ಬೆಳಿಗ್ಗೆ ಏಳೂವರೆಗೆ, ಶಹಾಡ್ ಸ್ಟೇಷನ್ನಿನಿಂದ ಸ್ವಲ್ಪ ಆಚೆ ಬೂಬನ ಕೈ ಸೆಟೆಯಿತು, ಹಿಡಿಯಲ್ಲಿ ಆಕ್ಸಿಲರೇಟರು ಇತ್ತು. ಸ್ಕೂಟರು ಫುಟ್‌ಪಾತ್ ಹತ್ತಿತು. ಅಲ್ಲಿ ಶೇರ್ ರಿಕ್ಷಾಕ್ಕೆ ಕಾಯುತ್ತಿದ್ದ, ಪ್ಯಾಕಿಂಗ್ ಕೆಲಸಕ್ಕೆ ಹೊರಟಿದ್ದ ಹೆಂಗಸೊಬ್ಬಳು ಗೋಡೆಗೂ ಸ್ಕೂಟರಿಗೂ ನಡುವೆ ಸಿಕ್ಕಿದಳು. ಮೂರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ಬೂಬನ ಭುಜದ ಎಲುಬು ಮುರಿದಿತ್ತು, ಅಷ್ಟೆ.

ಐದನೆಯ ದಿನ ಸ್ಕೂಲಿನ ಮಾಲೀಕ ಜಯಶೀಲ ಒಳಕೋಣೆಗೆ ಬಂದು ಬಾಗಿಲು ಹಾಕಿಕೊಂಡ. ದಪ್ಪ ಮನುಷ್ಯ; ಮಾತಾಡುವಾಗ ಪಕ್ಕದ ಸೀಟಿನ ಬ್ರೇಕು ತುಳಿಯುವ ಅಭ್ಯಾಸದಿಂದ ಬಲಗಾಲು ಆಗಾಗ ನೆಲ ಒತ್ತುತ್ತಿತ್ತು.

“ಠಾಣೆಯಿಂದ ರಾಯರಿಗೆ ಫೋನ್ ಬಂದಿತ್ತು ಮಾರಾಯ. ಬೂಬನ ಭಾಷೆ ಬರುವವರು ಯಾರಾದ್ರೂ ಬೇಕಂತೆ. ಸ್ಟೇಟ್‌ಮೆಂಟ್ ತಗೊಳ್ಳಿಕ್ಕೆ. ರಾಯರು ನನ್ನ ಕೇಳಿದ್ರು. ನಾನು ನಿನ್ನ ಹೆಸರು ಹೇಳಿದ್ದೇನೆ.”

“ನನ್ನದಾ? ಜಯಣ್ಣ, ಮೌಸ್ ಹಿಡಿದವನು ನಾನು.”

“ಅದಕ್ಕೇ. ಬೇರೆಯವ ಹೋಗಿ ಬೂಬ ಹೇಳಿದ್ದನ್ನೆಲ್ಲ ಹಾಗೇ ಮರಾಠಿಗೆ ಸುರಿದ್ರೆ ನೀನೂ ಇಲ್ಲ, ನಾನೂ ಇಲ್ಲ. ಠಾಣೆ ಜಿಲ್ಲೆಯಲ್ಲಿ ಇಷ್ಟು ದಿನ ಇದ್ದೇನೆ, ಠಾಣೆಯ ಒಳಗೆ ಇರ್ಲಿಕ್ಕೆ ನನಗೆ ಮನಸ್ಸಿಲ್ಲ.” ಕಾಲು ನೆಲ ಒತ್ತಿತು. “ವಕೀಲರ ಹತ್ರ ಮಾತಾಡಿದೆ. ವಿಷಯ ಸೀದಾ ಉಂಟು. ಪರೀಕ್ಷೆ ಬರೆದದ್ದು, ಫಾರ್ಮು ತುಂಬಿದ್ದು ಬೇರೆಯವರು, ಬೂಬನಿಗೆ ಏನೂ ಗೊತ್ತಿರಲಿಲ್ಲ ಅಂತಾದ್ರೆ ಅವನದು ಬರೀ ನಿರ್ಲಕ್ಷ್ಯ. ಜಾಮೀನು ಸಿಗ್ತದೆ. ಆಗ ಪೊಲೀಸರು ನಮ್ಮ ಮೇಲೆ ಬರ್ತಾರೆ. ಎಲ್ಲ ಅವನೇ ಓದಿ, ಅವನೇ ಉತ್ತರ ಕೊಟ್ಟ, ರೋಗ ಮುಚ್ಚಿಟ್ಟ ಅಂತಾದ್ರೆ ಅದಕ್ಕೆ ಬೇರೆ ಕಲಮು. ಜಾಮೀನಿಲ್ಲ. ವರ್ಷಗಟ್ಟಲೆ ಒಳಗೆ.”

“ಅಂದ್ರೆ ಅವನು ಅಥವಾ ನಾವು.”

“ನಾನು ಹಾಗೆ ಹೇಳಿದ್ನಾ? ನೀನು ಸುಳ್ಳು ಹೇಳು ಅಂತಲೂ ಹೇಳ್ಲಿಲ್ಲ. ತರ್ಜುಮೆ ಮಾಡು. ಚೆಂದ ಮಾಡಿ ಮಾಡು.”

ಲತೇಶನಿಗೆ ರಬಾಳೆಯ ಕಂಪನಿಯೊಂದರಲ್ಲಿ ಫೋನಿನಲ್ಲಿ ಮಾತಾಡುವ ಕೆಲಸ ಸಿಕ್ಕಿತ್ತು. ಮೂರು ಸುತ್ತಿನ ಸಂದರ್ಶನ ದಾಟಿದ್ದ, ಇಪ್ಪತ್ತನೇ ತಾರೀಕಿಗೆ ಸೇರಬೇಕಿತ್ತು. ಪೊಲೀಸ್ ವೆರಿಫಿಕೇಷನ್ ಒಂದು ಬಾಕಿ. ಅಲ್ಲಿ ಹೋಗಿ ನೋಡೋಣ, ಬೂಬ ಹೇಳಿದ್ದನ್ನು ಹೇಳಿದಷ್ಟೇ ಹೇಳಿದರಾಯಿತು, ಮುಂದಿನದು ಅವರವರ ಹಣೆಬರಹ ಎಂದು ಕಲ್ಯಾಣ್ ಲೋಕಲ್ ಹತ್ತುವಾಗ ಅಂದುಕೊಂಡ. ಇಳಿಯುವಾಗ ಹಾಗೆ ಅಂದುಕೊಂಡದ್ದು ನೆನಪಿರಲಿಲ್ಲ.

*

ಠಾಣೆಯ ಹೊರಗೆ ಬೇವಿನ ಕಟ್ಟೆಯ ಮೇಲೆ ಅಕ್ಕು ಕೂತಿದ್ದಳು, ಮಡಿಲಲ್ಲಿ ಸ್ಟೀಲಿನ ಡಬ್ಬಿ. ಇವನನ್ನು ಕಂಡು ಎದ್ದಳು.

“ನೀವು ಬರ್ತೀರಿ ಅಂತ ಧಣಿಗಳು ಹೇಳಿದ್ರು ಅಣ್ಣ. ಜೀವ ಬಂತು. ಐದು ದಿನ ಆಯ್ತು, ಅವರ ಹತ್ರ ಒಬ್ಬರೂ ಒಂದು ಮಾತು ಸರಿಯಾಗಿ ಆಡ್ಲಿಲ್ಲ.”

“ಊಟ ಕೊಟ್ಟಿರಾ?”

“ಕೊಟ್ಟೆ. ಗಂಜಿ. ಆ ಅಕ್ಕ ಸತ್ತು ಹೋದದ್ದು ನಾನು ಹೇಳ್ಲಿಲ್ಲ. ಹೇಳಿದ್ರೆ ಮತ್ತೆ ಫಿಟ್ಸು ಬಂದ್ರೆ ಅಂತ.” ಡಬ್ಬಿಯ ಮುಚ್ಚಳವನ್ನು ಒತ್ತಿದಳು. “ಲೈಸೆನ್ಸ್ ಮಾಡಿಸುವಾಗ ಇವರಿಗೆ ಕಾಯಿಲೆ ಉಂಟಾ ಅಂತ ಯಾರೂ ಕೇಳ್ಲಿಲ್ಲ ಅಣ್ಣ. ಕೇಳಿದ್ರೆ ಹೇಳುವ ಜನವೇ ಇವರು. ಅಷ್ಟು ಹೇಳಿಬಿಡಿ.”

ಲತೇಶ ತಲೆಯಾಡಿಸಿದ. ತಲೆ ಆಡಿದ್ದು ಹೌದೆಂದೋ ಅಲ್ಲವೆಂದೋ ಅವನಿಗೂ ತಿಳಿಯಲಿಲ್ಲ.

ಒಳಗಿನ ಕೋಣೆಯಲ್ಲಿ ಇಬ್ಬರು ಅಧಿಕಾರಿಗಳಿದ್ದರು. ಪೊಲೀಸ್ ಸಾಹೇಬರಿಗೆ ಕೆಲಸ ಮುಗಿಸುವ ಅವಸರ. ಇನ್ನೊಬ್ಬರು ಸಾರಿಗೆ ಇಲಾಖೆಯ ಇನ್‌ಸ್ಪೆಕ್ಟರ್, ನಿವೃತ್ತಿಗೆ ಹತ್ತಿರ ಬಂದ ಬಿಳಿ ಮೀಸೆಯವರು. ಅವರಿಗೆ ಅವಸರವಿರಲಿಲ್ಲ, ಹಳೆಯ ಸಿಟ್ಟೊಂದಿತ್ತು. ಮಾತು ಮರಾಠಿಯಲ್ಲಿ.

“ಮೂವತ್ತು ವರ್ಷ ನನ್ನ ಎದುರು ಕೂರಿಸಿ ಪರೀಕ್ಷೆ ಮಾಡಿದವ ನಾನು,” ಎಂದರು ಅವರು. “ಮುಖ ನೋಡಿದ್ರೆ ಗೊತ್ತಾಗ್ತಿತ್ತು, ಇವ ಓದಿದ್ದಾನೋ ಇಲ್ವೋ ಅಂತ. ಈಗ ಮನೆಯಲ್ಲಿ ಪರೀಕ್ಷೆಯಂತೆ. ಮನೆಯಲ್ಲಿ ಉತ್ತರ ಕೊಡುವುದು ಭಾವನೋ, ಮೈದುನನೋ, ಏಜೆಂಟನೋ, ದೇವರಿಗೇ ಗೊತ್ತು. ಬರೆದು ಬರೆದು ಸಾಕಾಯ್ತು, ಮೇಲಿನವರು ಪುರಾವೆ ಎಲ್ಲಿ ಅಂತಾರೆ. ಇವತ್ತು ಅದೇ ಹದಿನೈದು ಪ್ರಶ್ನೆ ಇವನಿಗೆ ಬಾಯಲ್ಲಿ ಕೇಳ್ತೇನೆ. ಒಂಬತ್ತು ಬರಲಿಲ್ಲ ಅಂದ್ರೆ ಇವನ ಪರೀಕ್ಷೆ ಯಾರು ಬರೆದರು ಅಂತ ಹುಡುಕಿಯೇ ಬಿಡ್ತೇನೆ.”

“ಮಾಸ್ತರ್ ಆಗಬೇಕಿತ್ತು ನೀವು,” ಎಂದರು ಪೊಲೀಸ್ ಸಾಹೇಬರು. “ಬೇಗ ಮುಗಿಸಿ.”

ಬೂಬನನ್ನು ಕರೆತಂದರು. ಎಡಗೈ ಕೊರಳಿನ ಜೋಳಿಗೆಯಲ್ಲಿತ್ತು. ಐದು ದಿನದ ಗಡ್ಡ. ಲತೇಶನನ್ನು ನೋಡಿದ್ದೇ ಆ ಮುಖ ಅರಳಿತು. ಸಾಹೇಬರ ಕಡೆ ತಿರುಗಿ, ಬಲಗೈಯಿಂದ ಲತೇಶನನ್ನು ತೋರಿಸುತ್ತ ತುಳುವಿನಲ್ಲಿ ಹೇಳಿದ: “ನನಗೆ ಲೈಸೆನ್ಸ್ ಮಾಡಿಸಿ ಕೊಟ್ಟವರು ಇವರೇ. ಒಳ್ಳೆಯ ಜನ.”

“ಏನಂತೆ?” ಬಿಳಿ ಮೀಸೆ ಕೇಳಿತು.

ಲತೇಶನ ಬಾಯಿ ತಾನೇ ತೆರೆಯಿತು. “ನಮಸ್ಕಾರ ಹೇಳ್ತಿದ್ದಾನೆ ಸಾಹೇಬ್.”

ಬೂಬ ಕುಳಿತ. ಇನ್‌ಸ್ಪೆಕ್ಟರ್ ಪಟ್ಟಿ ತೆಗೆದರು. ಕೆಂಪು ದೀಪಕ್ಕೆ ಏನು ಮಾಡಬೇಕು ಎಂಬುದು ಮೊದಲನೆಯದು. ಲತೇಶ ಅದನ್ನು ತುಳುವಿಗೆ ತಂದ. ಬೂಬ “ನಿಲ್ಲಿಸುವುದು” ಎಂದ. ಲತೇಶ ಅದನ್ನು ಮರಾಠಿಗೆ ತಂದ. ಪ್ರಾಮಾಣಿಕವಾಗಿ ಹೋಗಿ ಪ್ರಾಮಾಣಿಕವಾಗಿ ಬಂದಿತ್ತು ಮಾತು. ಹೀಗೇ ಹದಿನೈದೂ ಹೋದರೆ ಸಾಕು ಎಂದು ಅವನಿಗನ್ನಿಸಿತು. ಬೂಬನಿಗೆ ನಿಜವಾಗಿಯೂ ಎಲ್ಲ ಗೊತ್ತಿದ್ದರೆ ತಾನೇನು ಮಾಡಿದಂತಾಯಿತು.

ಎರಡನೆಯದು, ಪಟ್ಟೆ ದಾಟುತ್ತಿರುವ ಪಾದಚಾರಿ ಎದುರು ಬಂದರೆ.

“ಗೊತ್ತುಜ್ಜಿ, ಗೊತ್ತಿಲ್ಲ ಅಣ್ಣ,” ಎಂದ ಬೂಬ. “ಹಾರ್ನ್ ಹಾಕುವುದಾ?”

ಬಿಳಿ ಮೀಸೆ ಪೆನ್ನು ಎತ್ತಿ ಹಿಡಿದಿತ್ತು. ಆ ಪೆನ್ನಿನ ತುದಿಯಲ್ಲಿ ರಬಾಳೆಯ ಕಂಪನಿ ನೇತಾಡುತ್ತಿರುವುದು ಲತೇಶನಿಗೆ ಕಂಡಿತು.

“ಗಾಡಿ ನಿಲ್ಲಿಸಿ ದಾಟಲು ಬಿಡಬೇಕು ಅಂತಾನೆ ಸಾಹೇಬ್.”

“ಬರೋಬರ್.” ಇನ್‌ಸ್ಪೆಕ್ಟರ್ ಗುರುತು ಹಾಕಿದರು. ಸ್ವಲ್ಪ ನಿರಾಶೆಯಿಂದ ಹಾಕಿದರು.

ಆಮೇಲೆ ಸಲೀಸಾಯಿತು. ಯಾರದೋ ದನಿಯಲ್ಲಿ ಮಾತಾಡುವುದು ಲತೇಶನಿಗೆ ಹೊಸದಲ್ಲ. ಬೂಬ ತಡವರಿಸಿದಷ್ಟೇ ತಾನೂ ತಡವರಿಸಿ, ಅವನು ತಲೆ ಕೆರೆದಲ್ಲಿ ತಾನು ಗಂಟಲು ಸರಿಪಡಿಸಿ, ಅಡುಗೆಯವನೊಬ್ಬನಿಗೆ ಒಪ್ಪುವ ಮುರುಕು ಮಾತಿನಲ್ಲಿ ಸರಿಯುತ್ತರ ಹೇಳತೊಡಗಿದ. ಬೂಬ “ನೀವೇ ಏನಾದ್ರೂ ಹೇಳಿ” ಎಂದರೆ, ಲತೇಶ “ಬಲಗಡೆಯಿಂದ ಓವರ್‌ಟೇಕ್” ಎನ್ನುತ್ತಿದ್ದ. ಬೂಬ “ಆ ಬೋರ್ಡು ನಾನು ನೋಡಿಯೇ ಇಲ್ಲ” ಎಂದರೆ, ಅವನು “ಪ್ರವೇಶ ನಿಷೇಧ” ಎನ್ನುತ್ತಿದ್ದ. ಅನುವಾದ ಹೋಗಿ ಅನುಕೂಲವಾದ ಆಗಿತ್ತು. ಎರಡು ಕಡೆ ಬೇಕೆಂದೇ ತಪ್ಪು ಹೇಳಿದ, ರೂಢಿಯಂತೆ.

ಹನ್ನೊಂದನೆಯ ಪ್ರಶ್ನೆ ಬಂತು. “ಹಿಂದಿನಿಂದ ಆಂಬ್ಯುಲೆನ್ಸ್ ಬಂದರೆ ಏನು ಮಾಡ್ತಾನೆ, ಕೇಳು.”

ಲತೇಶ ಕೇಳಿದ. ಬೂಬ ಈ ಸಲ ಕೂಡಲೇ ಉತ್ತರಿಸಲಿಲ್ಲ. ಜೋಳಿಗೆಯ ಗಂಟನ್ನು ಬೆರಳಿನಿಂದ ತಡವಿದ.

“ಅವತ್ತು ನನ್ನನ್ನೂ ಆ ಅಕ್ಕನನ್ನೂ ಒಂದೇ ಆಂಬ್ಯುಲೆನ್ಸಿನಲ್ಲಿ ಹಾಕಿದ್ರು ಅಣ್ಣ. ನನಗೆ ಎಚ್ಚರ ಬಂದಾಗ ಅವರು ಆ ಕಡೆ ಮಲಗಿದ್ರು, ನಾನು ಈ ಕಡೆ. ಗಾಡಿ ಕುಲುಕುವಾಗ ಅವರ ಕೈ ಕೆಳಗೆ ಜಾರ್ತಿತ್ತು. ನಾನು ಹಿಡ್ಕೊಂಡೆ. ಅವರ ಮೇಲೆಲ್ಲ ಸಾಂಬಾರು ಚೆಲ್ಲಿತ್ತು, ಬಿಸಿ ಇದ್ದದ್ದು. ನನ್ನನ್ನು ನೋಡಿ ಏನೋ ಹೇಳಿದ್ರು, ಮರಾಠಿ. ನನಗೆ ಅರ್ಥ ಆಗ್ಲಿಲ್ಲ. ನಾನು ಹೌದು ಹೌದು ಅಂದೆ. ಎರಡೆರಡು ಸಲ ಅದನ್ನೇ ಹೇಳಿದ್ರು. ನೀವಿದ್ದಿದ್ರೆ ಏನಂತ ಗೊತ್ತಾಗ್ತಿತ್ತು.” ಅವನು ಮುಂದಕ್ಕೆ ಬಾಗಿದ. “ಆ ಅಕ್ಕ ಹೇಗಿದ್ದಾರೆ, ಸಾಹೇಬರ ಹತ್ರ ಕೇಳಿ.”

ಪೊಲೀಸ್ ಸಾಹೇಬರು ಗಡಿಯಾರ ನೋಡಿದರು. “ಇಷ್ಟುದ್ದ ಏನು ಹೇಳಿದ?”

ಲತೇಶ ಮೇಜಿನ ಕಡೆ ನೋಡಿದ. ಕೋಣೆಯ ಫ್ಯಾನಿನ ಕೆಳಗೆ ಕಾಗದಗಳು ಎದ್ದು ಎದ್ದು ಕೂರುತ್ತಿದ್ದವು. ಈಗ ಹೇಳಬಹುದು. ಇವನಿಗೆ ಒಂದೂ ಗೊತ್ತಿಲ್ಲ, ಅಂದು ಒತ್ತಿದ್ದು ನಾನು, ಇಂದು ಹೇಳಿದ್ದೂ ನಾನು. ಮರಾಠಿಯಲ್ಲಿ ಹತ್ತು ಶಬ್ದ. ಆ ಹತ್ತು ಶಬ್ದಗಳೂ ಬಾಯಿಯ ಬಾಗಿಲಿಗೆ ಬಂದು ನಿಂತವು, ಬೆಳಗಿನ ಲೋಕಲ್ಲಿನಲ್ಲಿ ಇಳಿಯಲಾಗದೆ ನಿಲ್ಲುವವರ ಹಾಗೆ. ಹಿಂದಿನಿಂದ ಬೇರೆ ಶಬ್ದಗಳು ನುಗ್ಗಿ ದಾಟಿ ಹೋದವು.

“ಎಡಕ್ಕೆ ಸರಿದು ದಾರಿ ಬಿಡಬೇಕು ಅಂತಾನೆ. ಅದರಲ್ಲಿ ರೋಗಿ ಇರ್ತಾರೆ, ಒಂದೊಂದು ನಿಮಿಷವೂ ಮುಖ್ಯ, ಹಾಗಾಗಿ.”

“ಕಾರಣವನ್ನೂ ಹೇಳ್ತಾನೆ,” ಎಂದರು ಇನ್‌ಸ್ಪೆಕ್ಟರ್. ಗುರುತು ಹಾಕಿದರು.

“ಹೇಗಿದ್ದಾರಂತೆ?” ಬೂಬ ಕೇಳಿದ.

“ಹುಷಾರಾಗ್ತಿದ್ದಾರೆ,” ಎಂದ ಲತೇಶ.

ಬೂಬ ಕಣ್ಣು ಮುಚ್ಚಿ, ಬಲಗೈಯನ್ನು ಎದೆಗೆ ಒತ್ತಿ, ತನ್ನ ಊರಿನ ದೈವದ ಹೆಸರೊಂದನ್ನು ಹೇಳಿದ. ಉಳಿದ ನಾಲ್ಕು ಪ್ರಶ್ನೆಗಳಿಗೆ ಅವನು ಖುಷಿಯಿಂದ, ಬಾಯಿಗೆ ಬಂದದ್ದನ್ನು ಹೇಳಿದ.

ಹದಿನೈದರಲ್ಲಿ ಹದಿಮೂರು. ಇನ್‌ಸ್ಪೆಕ್ಟರ್ ಲೆಕ್ಕವನ್ನು ಎರಡು ಸಲ ನೋಡಿದರು. ಪೆನ್ನಿನ ಮುಚ್ಚಳ ಹಾಕಿದರು, ಮತ್ತೆ ತೆಗೆದರು. “ನನ್ನೆದುರು ಕೂತು ಬರೆದವರೂ ಇಷ್ಟು ಹೇಳ್ತಿರಲಿಲ್ಲ,” ಎಂದರು ತಮಗೆ ತಾವೇ. ಆಮೇಲೆ ವರದಿಯಲ್ಲಿ ಬರೆಯುತ್ತ ಓದಿದರು: ಅರ್ಜಿದಾರನಿಗೆ ನಿಯಮಗಳ ಪೂರ್ಣ ತಿಳಿವಳಿಕೆ ಇರುವುದು ಕಂಡುಬಂದಿದೆ, ಆನ್‌ಲೈನ್ ಪರೀಕ್ಷೆಯನ್ನು ಆತನೇ ಕೊಟ್ಟಿದ್ದಾನೆಂಬುದರಲ್ಲಿ ಸಂಶಯವಿಲ್ಲ.

“ಒಂದೇ ಒಂದು ಉಳಿಯಿತು,” ಎಂದರು ಪೊಲೀಸ್ ಸಾಹೇಬರು. “ಮೂರ್ಛೆ ರೋಗ ಇದೆ ಅಂತ ಆಸ್ಪತ್ರೆಯವರು ಬರೆದಿದ್ದಾರೆ. ಘೋಷಣೆ ಪತ್ರದಲ್ಲಿ ಇಲ್ಲ ಅಂತ ಒತ್ತಿದ್ದು ಯಾಕೆ, ಕೇಳು.”

ಲತೇಶ ಕೇಳಿದ. ಪ್ರಶ್ನೆಯನ್ನು ಮಾತ್ರ ಸರಿಯಾಗಿಯೇ ಕೇಳಿದ. ಅದರಲ್ಲಿ ಮೋಸ ಮಾಡಲಿಲ್ಲ.

ಬೂಬ ನಕ್ಕುಬಿಟ್ಟ. “ನಾನೆಲ್ಲಿ ಒತ್ತಿದೆ ಅಣ್ಣ? ನಾನು ದೋಸೆ ನೋಡ್ತಾ ಇದ್ದದ್ದಲ್ವಾ?”

“ನಗ್ತಾನೆ ಬೇರೆ,” ಎಂದರು ಸಾಹೇಬರು. “ಏನಂದ?”

“ಕೆಲಸ ಹೋಗ್ತದೆ ಅಂತ ಹೆದರಿಕೆ ಇತ್ತಂತೆ ಸಾಹೇಬ್. ಅದಕ್ಕೆ.”

ಆ ವಾಕ್ಯವನ್ನು ಸಾಹೇಬರು ಲತೇಶ ಹೇಳಿದಂತೆಯೇ, ಒಂದಕ್ಷರ ಬಿಡದೆ ಬರೆದುಕೊಂಡರು. ಬರೆಯುವಾಗ ಬೇರೆ ಯಾವುದಕ್ಕೂ ಇಷ್ಟು ನಿಧಾನ ಮಾಡಿರಲಿಲ್ಲ.

ಹೇಳಿಕೆ ಎರಡು ಪುಟವಾಯಿತು. ಕೊನೆಯಲ್ಲಿ ಎಲ್ಲ ಹೇಳಿಕೆಗಳಿಗೂ ಇರುವ ಸಾಲು: ಮೇಲಿನದೆಲ್ಲವನ್ನೂ ನನಗೆ ತಿಳಿಯುವ ಭಾಷೆಯಲ್ಲಿ ಓದಿ ವಿವರಿಸಲಾಗಿದೆ, ಅದು ನಾನು ಹೇಳಿದಂತೆಯೇ ಇದೆ. ಬೂಬ ಅದರ ಕೆಳಗೆ ಕನ್ನಡದಲ್ಲಿ, ಶಾಲೆಯ ದುಂಡಕ್ಷರದಲ್ಲಿ ತನ್ನ ಹೆಸರು ಬರೆದ. ಅದರ ಪಕ್ಕ ದುಭಾಷಿ ಎಂದಿದ್ದಲ್ಲಿ ಲತೇಶ ಸಹಿ ಮಾಡಿದ. ಎಲ್ಲರ ಸಹಿಯನ್ನೂ ಥೇಟ್ ಹಾಕಬಲ್ಲವನಿಗೆ ತನ್ನದೇ ಸಹಿ ಸ್ವಲ್ಪ ಬೇರೆಯಾಗಿ ಬಂತು.

“ಮತ್ತೆ ನಾನು ಪಾಸಾ?” ಎಂದು ಬೂಬ ಕೇಳಿದ.

“ಏನು ಕೇಳ್ತಾನೆ?” ಎಂದರು ಇನ್‌ಸ್ಪೆಕ್ಟರ್.

“ಪಾಸಾದೆನಾ ಅಂತ ಕೇಳ್ತಿದ್ದಾನೆ.”

ಬಿಳಿ ಮೀಸೆಯವರು ಬಹಳ ಹೊತ್ತು ಬೂಬನ ಮುಖ ನೋಡಿದರು, ಮೂವತ್ತು ವರ್ಷ ಮುಖ ನೋಡಿದವರು. ಅವರಿಗೆ ಏನು ಕಂಡಿತೋ. “ಪಾಸ್ ಅಂತ ಹೇಳು,” ಎಂದು ಫೈಲು ಕಟ್ಟಿದರು.

ಲತೇಶ ಹೇಳಿದ. ಬೂಬ ಒಂದೇ ಕೈಯನ್ನು ಹಣೆಗೆ ಮುಟ್ಟಿಸಿ ಇಬ್ಬರಿಗೂ ವಂದಿಸಿದ. ಬಾಗಿಲ ಬಳಿ ಬಿಟ್ಟಿದ್ದ ಚಪ್ಪಲಿಯಲ್ಲಿ ಕಾಲು ತೂರಿಸುತ್ತ, “ಅಕ್ಕು ಹೊರಗೇ ಇದ್ದಾಳಾ ಅಣ್ಣ? ಒಟ್ಟಿಗೇ ಹೋಗುವ, ಕಲ್ಯಾಣ ಸ್ಟೇಷನ್ನಿನ ತನಕ,” ಎಂದ.

ಕಾನ್‌ಸ್ಟೇಬಲ್ ಅವನ ಒಳ್ಳೆಯ ತೋಳನ್ನು ಹಿಡಿದು, ಹೆಚ್ಚೇನೂ ಜೋರು ಮಾಡದೆ, ಮೊಗಸಾಲೆಯ ಇನ್ನೊಂದು ದಿಕ್ಕಿಗೆ ತಿರುಗಿಸಿದ. ಬೂಬ ಎರಡು ಹೆಜ್ಜೆ ನಡೆದ ಮೇಲೆ ನಿಂತು, ಕತ್ತು ತಿರುಗಿಸಿ ಲತೇಶನನ್ನು ನೋಡಿದ. ಸಿಟ್ಟು ಇರಲಿಲ್ಲ, ಗಾಬರಿಯೂ ಇರಲಿಲ್ಲ. ಇವರು ಏನು ಹೇಳುತ್ತಿದ್ದಾರೆ ಎಂದು ತನ್ನ ದುಭಾಷಿ ಈಗ ಹೇಳಬಹುದೆಂದು ಕಾಯುತ್ತಿದ್ದ.

ಲತೇಶ ಹೊರಗಿನ ಬಾಗಿಲ ಕಡೆ ತಿರುಗಿದ. ಬಿಸಿಲಿನಲ್ಲಿ ಅಕ್ಕು ಕಟ್ಟೆಯಿಂದ ಆಗಲೇ ಎದ್ದು ನಿಂತಿದ್ದಳು.